ತಿರುವಿನಲ್ಲಿ ಕಟಕಟ, ಚಕ್ರದೊಳಗೆ ಗ್ರೀಸ್: ಆಕ್ಸೆಲ್ ಪೂರ್ತಿ ಬದಲಿಸಬೇಕೇ?

ಪ್ರಶ್ನೆ: ನಮ್ಮ ಊರು ಶೃಂಗೇರಿ ಹತ್ತಿರ. ಏಳು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರಿದೆ, 82,000 ಕಿ.ಮೀ. ಓಡಿದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮನೆಯ ಏರು ಹತ್ತಿಸುವಾಗ ಮುಂದಿನ ಬಲಚಕ್ರದಿಂದ ಕಟಕಟ ಸದ್ದು ಬರುತ್ತಿದೆ. ಚಕ್ರದ ಒಳಮುಖಕ್ಕೆಲ್ಲ ಕಪ್ಪು ಗ್ರೀಸ್ ಸಿಡಿದಿದೆ. ಒಬ್ಬ ಮೆಕ್ಯಾನಿಕ್ ಆಕ್ಸೆಲ್ ಪೂರ್ತಿ ಹೊಸದು ಹಾಕಿಸಿ ಎಂದರು. ಇನ್ನೊಬ್ಬರು ಬೂಟ್ ಬದಲಿಸಿ ಗ್ರೀಸ್ ತುಂಬಿದರೆ ಸಾಕು ಎಂದರು. ಮತ್ತೊಬ್ಬರು ಗುಜರಿಯಿಂದ ಸೆಕೆಂಡ್ ಹ್ಯಾಂಡ್ ಶಾಫ್ಟ್ ತಂದುಕೊಡುತ್ತೇನೆ ಎನ್ನುತ್ತಾರೆ. ಯಾರ ಮಾತು ಕೇಳಲಿ? ಇದರ ಜೊತೆಗೆ, ತೋಟದ ಪಿಕಪ್ ಗಾಡಿಯ ಹಿಂದಿನ ಎಡ ಡ್ರಮ್‌ಗೆ ಎಣ್ಣೆ ಸೋರುತ್ತದೆ. ಎರಡು ಸಲ ಸೀಲ್ ಬದಲಿಸಿದರೂ ನಿಂತಿಲ್ಲ.

ಉತ್ತರ: ಕಾರಿನ ವಿಷಯ ಮೊದಲು. ಕಟಕಟ ಸದ್ದು ಬಂದಿದೆ ಎಂದರೆ ಶಾಫ್ಟಿನ ಚಕ್ರದ ಕಡೆಯ ಜಾಯಿಂಟ್ (ಹೊರ ಜಾಯಿಂಟ್) ಸವೆದುಹೋಗಿದೆ. ಬೂಟ್, ಅಂದರೆ ಜಾಯಿಂಟಿನ ಗ್ರೀಸ್ ಹಿಡಿದಿಡುವ ರಬ್ಬರ್ ಹೊದಿಕೆ, ಹರಿದಿದ್ದರೂ ಸದ್ದು ಇನ್ನೂ ಶುರುವಾಗಿಲ್ಲ ಎಂಬ ಹಂತದಲ್ಲಾಗಿದ್ದರೆ ಎರಡನೆಯವರ ಮಾತು ಸರಿ. ಈಗ ಹೊಸ ಬೂಟ್ ಹಾಕಿ ಎಷ್ಟೇ ಒಳ್ಳೆಯ ಗ್ರೀಸ್ ತುಂಬಿದರೂ ಸದ್ದು ಕೆಲವು ದಿನ ತಗ್ಗುತ್ತದೆ, ಆಮೇಲೆ ಮರಳುತ್ತದೆ. ಸವೆದ ಉಕ್ಕು ಗ್ರೀಸಿನಿಂದ ಮತ್ತೆ ಬೆಳೆಯುವುದಿಲ್ಲ. ಹೊರ ಜಾಯಿಂಟ್ ಬದಲಿಸಲೇಬೇಕು. ಅದನ್ನೊಂದನ್ನೇ ಬದಲಿಸುವುದೋ ಇಡೀ ಶಾಫ್ಟನ್ನೋ (ಮೆಕ್ಯಾನಿಕ್ ಆಕ್ಸೆಲ್ ಎಂದದ್ದು ಇದನ್ನೇ) ಎಂಬುದು ನಿಮ್ಮ ಕಾರಿನ ಶಾಫ್ಟ್ ಹೇಗಿದೆ ಎಂಬುದರ ಮೇಲೆ ನಿಂತಿದೆ. ಗುಜರಿ ಶಾಫ್ಟ್ ಬೇಡ. ಕಾರಣ ಮುಂದೆ ಹೇಳುತ್ತೇನೆ.

ಮುಂದಿನ ಚಕ್ರಕ್ಕೆ ಎಳೆತ ಕೊಡುವ ಕಾರಿನಲ್ಲಿ ಗೇರ್ ಬಾಕ್ಸಿನಿಂದ ಎಡಕ್ಕೊಂದು, ಬಲಕ್ಕೊಂದು ಶಾಫ್ಟ್ ಹೊರಡುತ್ತದೆ. ಗೇರ್ ಬಾಕ್ಸ್ ಮಧ್ಯದಲ್ಲಿರುವುದಿಲ್ಲವಾದ್ದರಿಂದ ಹೆಚ್ಚಿನ ಕಾರುಗಳಲ್ಲಿ ಒಂದು ಗಿಡ್ಡ, ಇನ್ನೊಂದು ಉದ್ದ. ಪ್ರತಿ ಶಾಫ್ಟಿನ ಎರಡು ತುದಿಗೂ ಸಿ.ವಿ. (ಕಾನ್‌ಸ್ಟಂಟ್ ವೆಲಾಸಿಟಿ, ಅಂದರೆ ಬಾಗಿದರೂ ವೇಗ ಬದಲಾಗದ) ಜಾಯಿಂಟ್ ಇರುತ್ತದೆ. ಚಕ್ರದ ಕಡೆಯದರಲ್ಲಿ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು ಒಂದು ಕೇಜಿನೊಳಗೆ (ಪಂಜರದಂಥ ಬಳೆ) ಕೂತು, ಒಳ ರೇಸ್ ಹೊರ ರೇಸ್ ಎಂಬ ಎರಡು ಉಕ್ಕಿನ ಭಾಗಗಳ ಕಾಲುವೆಗಳಲ್ಲಿ ಓಡುತ್ತವೆ. 1920ರ ದಶಕದಲ್ಲಿ ಆಲ್ಫ್ರೆಡ್ ರ್ಜೆಪ್ಪ ರೂಪಿಸಿದ ವಿನ್ಯಾಸ ಇದು. ಸುಮಾರು 45 ಡಿಗ್ರಿವರೆಗೆ ಬಾಗಿದರೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತದೆ. ಗೇರ್ ಬಾಕ್ಸಿನ ಕಡೆಯದು ಬೇರೆ ಬಗೆಯದು: ಮೂರು ರೋಲರ್‌ಗಳ ಟ್ರೈಪಾಡ್. ಇದು ಬಾಗುವುದು ಕಡಿಮೆ, ಆದರೆ ಒಳಕ್ಕೂ ಹೊರಕ್ಕೂ ಜಾರುತ್ತದೆ. ಚಕ್ರ ಗುಂಡಿಗೆ ಇಳಿದು ಎದ್ದಾಗ ಶಾಫ್ಟಿಗೆ ಬೇಕಾಗುವ ಉದ್ದದ ವ್ಯತ್ಯಾಸವನ್ನು ಕೊಡುವುದು ಈ ಜಾರಾಟವೇ. ಅಂಬಾಸಿಡರ್, ಪದ್ಮಿನಿಗಳಲ್ಲಿ ಈ ಏರ್ಪಾಡು ಇರಲಿಲ್ಲ, ಅವು ಹಿಂದಿನ ಚಕ್ರದಿಂದ ಓಡುತ್ತಿದ್ದ ಗಾಡಿಗಳು. 1983ರ ಕೊನೆಗೆ ಮಾರುತಿ 800 ಬಂದ ಮೇಲೆಯೇ ನಮ್ಮ ಗ್ಯಾರೇಜುಗಳಲ್ಲಿ ಬೂಟ್, ಸಿ.ವಿ. ಜಾಯಿಂಟ್ ಎಂಬ ಮಾತು ಬಳಕೆಗೆ ಬಂದದ್ದು.

ಈ ಜಾಯಿಂಟಿನ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕಿ ನೋಡಿ. ಎಂಜಿನ್ 110 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಮೊದಲ ಗೇರಿನ ಅನುಪಾತ 3.5, ಫೈನಲ್ ಡ್ರೈವಿನದು (ಗೇರ್ ಬಾಕ್ಸಿನಿಂದ ಶಾಫ್ಟಿಗೆ ಹೋಗುವ ಕೊನೆಯ ಹಂತದ್ದು) 4.1 ಎಂದಿಟ್ಟುಕೊಳ್ಳೋಣ. ಗುಣಿಸಿದರೆ ಸುಮಾರು 1,580. ಎರಡು ಚಕ್ರಕ್ಕೆ ಹಂಚಿದರೆ ಒಂದೊಂದು ಶಾಫ್ಟಿಗೆ 790 ನ್ಯೂಟನ್ ಮೀಟರ್. ಇಷ್ಟೂ ಬಲ ಆರು ಗುಂಡುಗಳು ಕಾಲುವೆಗೆ ತಾಗುವ ಚುಕ್ಕಿಯಷ್ಟು ಜಾಗದಲ್ಲಿ ದಾಟಿ ಹೋಗಬೇಕು. ನಡುವೆ ಇರುವುದು ಗ್ರೀಸಿನ ತೆಳು ಪದರ ಮಾತ್ರ. ಬೂಟ್ ಹರಿದು ಆ ಗ್ರೀಸ್ ಸಿಡಿದುಹೋಗಿ, ಅದರ ಜಾಗಕ್ಕೆ ನೀರು ಮತ್ತು ಮರಳು ಬಂದರೆ ಜಾಯಿಂಟ್ ಒಂದು ಮಳೆಗಾಲ ತಡೆಯುವುದೂ ಕಷ್ಟ. ಬೂಟ್ ಕಿಟ್ಟಿನ ಬೆಲೆ ನೂರುಗಳ ಲೆಕ್ಕದ್ದು, ಶಾಫ್ಟಿನದು ಸಾವಿರಗಳ ಲೆಕ್ಕದ್ದು. ಆಕ್ಸೆಲ್ ಕಾಪಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಈ ರಬ್ಬರನ್ನು ಕಾಪಾಡುವುದೇ.

ಸದ್ದು ಹೊರ ಜಾಯಿಂಟಿನದೇ ಎಂದು ಖಚಿತ ಮಾಡಿಕೊಳ್ಳುವುದು ಹೀಗೆ. ಖಾಲಿ ಮೈದಾನದಲ್ಲಿ ಸ್ಟಿಯರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿಯೇ ಸುತ್ತು ಹೊಡೆಯಿರಿ. ಆಮೇಲೆ ಇನ್ನೊಂದು ಕಡೆಗೆ. ಚಕ್ರದ ವೇಗಕ್ಕೆ ತಕ್ಕಂತೆ ಕಟಕಟ ಎಣಿಸುವಂತೆ ಬಂದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ತಗ್ಗಿದರೆ ಅದು ಹೊರ ಜಾಯಿಂಟ್. ನೇರ ರಸ್ತೆಯಲ್ಲಿ ವೇಗ ಏರಿಸುವಾಗ ಗಾಡಿ ಅಕ್ಕಪಕ್ಕಕ್ಕೆ ನಡುಗಿ, ಕಾಲು ತೆಗೆದರೆ ನಿಲ್ಲುವುದಾದರೆ ಒಳಗಿನ ಟ್ರೈಪಾಡ್ ಸವೆದಿದೆ. ವೇಗ ಏರಿದಂತೆ ಗುಂಯ್ ಎಂದು ಏರಿ, ಗಾಡಿ ಒಂದು ಕಡೆಗೆ ವಾಲಿದಾಗ ಸ್ವರ ಬದಲಾದರೆ ಅದು ವೀಲ್ ಬೇರಿಂಗ್. ಶಾಫ್ಟಿಗೂ ಅದಕ್ಕೂ ಸಂಬಂಧವಿಲ್ಲ. ಗುಂಡಿ ಬಿದ್ದಾಗ ಮಾತ್ರ ಟಕ್ ಎನ್ನುವುದು ಲೋವರ್ ಆರ್ಮಿನ ಬುಷ್, ಬಾಲ್ ಜಾಯಿಂಟ್ ಅಥವಾ ಸ್ಟೆಬಿಲೈಸರ್ ಲಿಂಕ್ ಇರಬಹುದು. ಎಡಕ್ಕೆ ತಿರುಗಿದಾಗ ಬಂದರೆ ಬಲದ್ದು, ಬಲಕ್ಕೆ ತಿರುಗಿದಾಗ ಬಂದರೆ ಎಡದ್ದು ಎಂಬ ರೂಢಿಯ ಲೆಕ್ಕ ಬಹಳ ಸಲ ಸರಿಯಾಗುತ್ತದೆ, ಎಲ್ಲ ಸಲವೂ ಅಲ್ಲ. ಬೂಟ್ ಹರಿದಿರುವುದು ಯಾವ ಕಡೆ ಎಂದು ಕಣ್ಣಿಂದ ನೋಡಿ. ಜಾಕಿ ಏರಿಸಿ, ಸ್ಟ್ಯಾಂಡ್ ಕೊಟ್ಟು, ಶಾಫ್ಟನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಚಕ್ರವನ್ನು ಮುಂದಕ್ಕೂ ಹಿಂದಕ್ಕೂ ಅಲುಗಿಸಿ. ಚಕ್ರದ ಕಡೆ ಟಕ್ ಟಕ್ ಎಂದು ಆಟ ಸಿಕ್ಕಿದರೆ ಅನುಮಾನ ಉಳಿಯುವುದಿಲ್ಲ.

ಹಾಗೇ ಓಡಿಸಿದರೆ ಏನಾಗುತ್ತದೆ ಎಂದು ನೀವು ಕೇಳಿಲ್ಲ, ಆದರೆ ನಿಮ್ಮ ಊರಿನವರಿಗೆ ಇದನ್ನು ಹೇಳಲೇಬೇಕು. ಸದ್ದು ಮಾಡುವ ಜಾಯಿಂಟ್ ವಾರಗಟ್ಟಲೆ ಓಡುವುದೂ ಉಂಟು. ಸೀಳು ಬಿಟ್ಟ ಕೇಜ್ ಒಂದು ದಿನ ಒಡೆದರೆ ಗುಂಡುಗಳು ಚೆಲ್ಲಿ ಆ ಚಕ್ರಕ್ಕೆ ಎಳೆತ ತಪ್ಪುತ್ತದೆ. ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಸ್ವಭಾವವೇ ಸುಲಭವಾಗಿ ತಿರುಗುವ ಕಡೆಗೆ ಶಕ್ತಿ ಹರಿಸುವುದು. ಹಾಗಾಗಿ ಮುರಿದ ಶಾಫ್ಟ್ ಸುಮ್ಮನೆ ಗಿರಗಿರ ತಿರುಗುತ್ತದೆ, ಸರಿಯಿರುವ ಚಕ್ರಕ್ಕೂ ಏನೂ ಸಿಗುವುದಿಲ್ಲ. ಇಳಿಜಾರಿನಲ್ಲಿ ಇದರ ಅರ್ಥ, ಎಂಜಿನ್ನಿನ ಹಿಡಿತ ಒಮ್ಮೆಲೇ ಇಲ್ಲವಾಗುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಎರಡನೇ ಗೇರಿನಲ್ಲಿ ಇಳಿಯುವಾಗ ಹೀಗಾದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಗೇರಿನಲ್ಲಿ ನಿಲ್ಲಿಸಿದ ಕಾರು ಕೂಡ ಜಾರುತ್ತದೆ, ಹ್ಯಾಂಡ್ ಬ್ರೇಕ್ ಒಂದೇ ಗತಿ. ಜಾಯಿಂಟ್ ಬದಲಾಗುವವರೆಗೆ ಘಾಟಿ ಇಳಿಯಬೇಡಿ.

ಈಗ ಖರೀದಿ. ಶಾಫ್ಟುಗಳಲ್ಲಿ ಎರಡು ಬಗೆ. ಕೆಲವದರಲ್ಲಿ ಹೊರ ಜಾಯಿಂಟ್ ಒಂದು ಲಾಕಿನ ಮೇಲೆ ಕೂತಿರುತ್ತದೆ, ತೆಗೆದು ಹೊಸದು ಹಾಕಬಹುದು. ಇನ್ನು ಕೆಲವದರಲ್ಲಿ ಹೊರ ಜಾಯಿಂಟ್ ಬಿಚ್ಚುವ ವ್ಯವಸ್ಥೆಯೇ ಇಲ್ಲ. ಸುಜುಕಿ ಕಾರುಗಳ ಕೈಪಿಡಿಗಳಲ್ಲಿ ಚಕ್ರದ ಕಡೆಯ ಜಾಯಿಂಟ್ ಬಿಚ್ಚಬಾರದು ಎಂಬ ಸೂಚನೆ ಸಾಮಾನ್ಯ. ಅಂಥದ್ದರಲ್ಲಿ ಹೊರಗಿನ ಬೂಟ್ ಬದಲಿಸಬೇಕಿದ್ದರೂ ಒಳಗಿನ ಟ್ರೈಪಾಡ್ ಕಳಚಿ ಆ ಕಡೆಯಿಂದಲೇ ಬೂಟ್ ತೂರಿಸಬೇಕು. ನಿಮ್ಮದು ಮೊದಲನೆಯ ಬಗೆಯಾಗಿದ್ದು, ಒಳ ಜಾಯಿಂಟ್ ಗಟ್ಟಿಯಿದ್ದರೆ ಹೊರ ಜಾಯಿಂಟ್ ಕಿಟ್ ಮಾತ್ರ ತನ್ನಿ. ಎರಡನೆಯದಾದರೆ ಮೊದಲ ಮೆಕ್ಯಾನಿಕ್ ಹೇಳಿದ್ದೇ ಸರಿ, ಶಾಫ್ಟ್ ಪೂರ್ತಿ ಬದಲಿಸಿ. ಎಡಬದಿಯ ಶಾಫ್ಟಿನ ಬೂಟಿನ ಹೊರಗೆ ಗ್ರೀಸ್ ಒಸರದೆ, ಬಿರುಕೂ ಇಲ್ಲದಿದ್ದರೆ ಅದನ್ನು ಮುಟ್ಟಬೇಡಿ. ಜೋಡಿಯಾಗಿಯೇ ಬದಲಿಸಬೇಕು ಎಂಬ ನಿಯಮ ಬ್ರೇಕ್ ಪ್ಯಾಡಿಗೆ ಸರಿ, ಶಾಫ್ಟಿಗಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುವುದಾದರೂ, ಶಿವಮೊಗ್ಗದಿಂದ ತರಿಸುವುದಾದರೂ ಮಾಡೆಲ್ ಹೆಸರೊಂದನ್ನೇ ಹೇಳಿ ತರಿಸಬೇಡಿ. ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲ್, ಡೀಸೆಲ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಏರ್ಪಾಡು) ಇದ್ದದ್ದು, ಇಲ್ಲದ್ದು ಎಂದು ಶಾಫ್ಟ್ ಬೇರೆಯಾಗುತ್ತದೆ. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಬಂದ ಮೇಲೆ ಹಳೆಯದರ ಪಕ್ಕ ಇಟ್ಟು ಉದ್ದ, ಎರಡು ತುದಿಯ ಸ್ಪ್ಲೈನ್ ಹಲ್ಲುಗಳ ಎಣಿಕೆ, ಆಯಿಲ್ ಸೀಲ್ ಕೂರುವ ಜಾಗದ ವ್ಯಾಸ, ಎಬಿಎಸ್ ರಿಂಗ್ ಇದ್ದರೆ ಅದರ ಹಲ್ಲುಗಳು ಇವನ್ನೆಲ್ಲ ಹೋಲಿಸಿ. ಇದು ಹತ್ತು ನಿಮಿಷದ ಕೆಲಸ, ಅರ್ಧ ದಿನದ ಮರುಕೆಲಸ ಉಳಿಸುತ್ತದೆ.

ಗುಜರಿ ಶಾಫ್ಟ್ ಯಾಕೆ ಬೇಡ ಎಂದರೆ, ಬೂಟ್ ಕೊಯ್ದು ನೋಡದೆ ಅದರೊಳಗಿನ ಸ್ಥಿತಿ ಗೊತ್ತಾಗುವುದಿಲ್ಲ. ಗುಜರಿಗೆ ಬಂದ ಗಾಡಿ ಅಪಘಾತದ್ದೇ ಆಗಿದ್ದರೆ ಶಾಫ್ಟ್ ಬಾಗಿರಬಹುದು, ಬರಿಗಣ್ಣಿಗೆ ಅದು ಕಾಣದು. ರೀಕಂಡೀಷನ್ ಮಾಡಿದ್ದು ಬೇರೆ ಮಾತು: ಗುಂಡು ಓಡಿ ಸವೆದ ಕಾಲುವೆಗಳನ್ನು ಸರಿಯಾದ ಗ್ರೈಂಡಿಂಗ್ ಮಷೀನಿನಲ್ಲಿ ಉಜ್ಜಿ, ಸ್ವಲ್ಪ ದಪ್ಪದ ಗುಂಡು ಹಾಕಿದರೆ ಅದು ಬಾಳಿಕೆ ಬರುತ್ತದೆ. ಆದರೆ ಕಾಲುವೆಯ ಮೇಲ್ಮೈಗೆ ಇರುವ ಗಟ್ಟಿ ಪದರ ತೆಳುವಾದದ್ದು. ಜಾಸ್ತಿ ಉಜ್ಜಿದರೆ ಅದು ಹೋಗಿ ಕೆಳಗಿನ ಮೆತ್ತನೆಯ ಉಕ್ಕಿಗೆ ಗುಂಡು ತಾಗುತ್ತದೆ, ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಸದ್ದು ಮರಳುತ್ತದೆ. ಬರೀ ತೊಳೆದು, ಬಣ್ಣ ಬಳಿದು, ಹೊಸ ಬೂಟ್ ಹಾಕಿ ರೀಕಂಡೀಷನ್ ಎಂದು ಮಾರುವುದೂ ಇದೆ. ಬಿಲ್ಲಿನಲ್ಲಿ ವಾರಂಟಿ ಬರೆದುಕೊಡದವರಿಂದ ಕೊಳ್ಳಬೇಡಿ. ಎಡದ ಜಾಯಿಂಟ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕುವ ಉಪಾಯವೂ ಗ್ಯಾರೇಜುಗಳಲ್ಲಿದೆ. ಕಾರು ಮುಂದೆ ಓಡುವಾಗ ಕಾಲುವೆಯ ಒಂದು ಅಂಚೇ ಸವೆಯುವುದರಿಂದ ಅದಲುಬದಲು ಮಾಡಿದಾಗ ಸವೆಯದ ಅಂಚು ಕೆಲಸಕ್ಕೆ ಬಂದು ಸದ್ದು ನಿಲ್ಲುತ್ತದೆ. ತಾತ್ಕಾಲಿಕವಾಗಿ ಅದು ನಿಜ. ಕೇಜಿನಲ್ಲಿ ಸೀಳಿದ್ದರೆ ಅದು ಹಾಗೆಯೇ ಇರುತ್ತದೆ.

ಕೆಲಸ ನಡೆಯುವಾಗ ನೀವು ಎದುರಿಗಿದ್ದು ನೋಡಬೇಕಾದ ಜಾಗಗಳು ಕೆಲವಿವೆ.

ಹಬ್ ನಟ್ (ಚಕ್ರದ ನಡುವೆ ಶಾಫ್ಟಿನ ತುದಿಯನ್ನು ಹಿಡಿದಿರುವ ದೊಡ್ಡ ನಟ್) ಸಡಿಲಿಸುವುದು ಚಕ್ರ ನೆಲದ ಮೇಲಿರುವಾಗಲೇ, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿದಿರುವಾಗ. ಹೆಚ್ಚಿನ ಸಣ್ಣ ಕಾರುಗಳಿಗೆ 30 ಅಥವಾ 32 ಮಿ.ಮೀ. ಸಾಕೆಟ್ ಬೇಕು. ನಟ್ಟಿನ ಅಂಚನ್ನು ಶಾಫ್ಟಿನ ಕಾಲುವೆಗೆ ಬಡಿದು ಕೂರಿಸಿರುತ್ತಾರೆ, ಅದನ್ನು ಸಣ್ಣ ಉಳಿಯಿಂದ ಮೊದಲು ಎತ್ತಬೇಕು. ಎತ್ತದೆ ತಿರುಗಿಸಿದರೆ ಥ್ರೆಡ್ ಹಾಳು. ನಟ್ ಪೂರ್ತಿ ಬಿಚ್ಚಿದ ಮೇಲೆ ಗಾಡಿಯನ್ನು ಚಕ್ರದ ಮೇಲೆ ಇಳಿಸಿ ತಳ್ಳಬಾರದು. ಬೇರಿಂಗಿನ ಎರಡು ಒಳ ರಿಂಗುಗಳನ್ನು ಬಿಗಿಯಾಗಿ ಹಿಡಿದಿರುವುದು ಆ ನಟ್ಟೇ. ಅದಿಲ್ಲದೆ ಭಾರ ಬಿದ್ದರೆ ಹೊಸ ಬೇರಿಂಗಿನ ಖರ್ಚೂ ಸೇರುತ್ತದೆ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಗೇರ್ ಬಾಕ್ಸ್ ಎಣ್ಣೆ ಇಳಿಸಬೇಕು, ಶಾಫ್ಟ್ ಎಳೆದಾಗ ಅದು ಹೇಗೂ ಚೆಲ್ಲುತ್ತದೆ. ಸಣ್ಣ ಕಾರುಗಳಲ್ಲಿ ಎರಡರಿಂದ ಎರಡೂವರೆ ಲೀಟರ್ ಆಸುಪಾಸು ಇರುತ್ತದೆ. ಡ್ರೈನ್ ಪ್ಲಗ್ ಬಿಚ್ಚುವ ಮೊದಲು ಎಣ್ಣೆ ತುಂಬುವ ಪ್ಲಗ್ ಬಿಚ್ಚಲು ಬರುತ್ತದೆಯೇ ನೋಡಿಕೊಳ್ಳಲಿ. ಎಣ್ಣೆಯೆಲ್ಲ ಇಳಿಸಿ ಆಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಕೂತಿದೆ ಎಂದರೆ ಗಾಡಿ ಅಲ್ಲೇ ಉಳಿಯುತ್ತದೆ. ಲೋವರ್ ಬಾಲ್ ಜಾಯಿಂಟಿನ ಬೋಲ್ಟ್ ತೆಗೆದು, ಆರ್ಮನ್ನು ಕೆಳಗೆ ಒತ್ತಿ, ಸ್ಟಿಯರಿಂಗ್ ನಕಲ್ ಎಂಬ ಹಬ್ ಹೊತ್ತ ಭಾಗವನ್ನು ಹೊರಕ್ಕೆ ಎಳೆದರೆ ಶಾಫ್ಟ್ ಹಬ್ಬಿನಿಂದ ಬಿಡುತ್ತದೆ. ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಪುಲ್ಲರ್ ಹಾಕಲಿ. ತುದಿಗೆ ನೇರ ಸುತ್ತಿಗೆ ಏಟು ಬಿದ್ದರೆ ಥ್ರೆಡ್ ಅಣಬೆಯಂತೆ ಅರಳುತ್ತದೆ. ಬ್ರೇಕ್ ಹೋಸಿಗೆ ನಕಲ್ ಜೋತುಬೀಳದಂತೆ ತಂತಿಯಿಂದ ಕಟ್ಟಲಿ, ಎಬಿಎಸ್ ಸೆನ್ಸರ್ ವೈರನ್ನು ಮೊದಲೇ ಬಿಡಿಸಿಡಲಿ.

ಗೇರ್ ಬಾಕ್ಸ್ ಕಡೆ ಶಾಫ್ಟನ್ನು ಹಿಡಿದು ಎಳೆಯಬಾರದು. ಎಳೆದರೆ ಟ್ರೈಪಾಡ್ ತನ್ನ ಕಪ್ಪಿನಿಂದ (ಅದು ಕೂರುವ ಉಕ್ಕಿನ ಬಟ್ಟಲಿನಿಂದ) ಕಳಚಿ, ಬೂಟಿನೊಳಗೆ ರೋಲರ್ ಜಾರುತ್ತದೆ. ಒಳ ಜಾಯಿಂಟಿನ ಕಪ್ಪಿಗೂ ಗೇರ್ ಬಾಕ್ಸಿಗೂ ನಡುವೆ ಚಪ್ಪಟೆ ಲಿವರ್ ಹಾಕಿ ಒಮ್ಮೆ ಗಟ್ಟಿಯಾಗಿ ಒತ್ತಿದರೆ ಒಳಗಿನ ಲಾಕ್ ಬಿಟ್ಟು ಹೊರಬರುತ್ತದೆ. ಲಿವರ್ ಸೀಲಿಗೆ ತಾಗಬಾರದು. ಕೆಲವು ಗೇರ್ ಬಾಕ್ಸುಗಳಲ್ಲಿ ಎರಡೂ ಶಾಫ್ಟ್ ಒಟ್ಟಿಗೆ ತೆಗೆದರೆ ಡಿಫರೆನ್ಷಿಯಲ್ಲಿನ ಸೈಡ್ ಗೇರ್ ಜಾಗ ತಪ್ಪುತ್ತದೆ, ಆದ್ದರಿಂದ ಒಂದೊಂದಾಗಿ ಮಾಡುವುದು ಕ್ಷೇಮ. ಶಾಫ್ಟ್ ಹೊರಬಂದಾಗ ಗೇರ್ ಬಾಕ್ಸಿನ ಆಯಿಲ್ ಸೀಲ್ ಬದಲಿಸಿಬಿಡಿ. ಅದಕ್ಕಾಗಿಯೇ ಇನ್ನೊಮ್ಮೆ ಇಷ್ಟೆಲ್ಲ ಬಿಚ್ಚುವುದು ಯಾರಿಗೂ ಬೇಡ. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ, ಹಳೆಯದು ಇದ್ದಷ್ಟೇ ಆಳಕ್ಕೆ, ತುಟಿಗೆ ಗ್ರೀಸ್ ಸವರಿ ಕೂರಿಸಬೇಕು.

ಜಾಯಿಂಟ್ ತೆಗೆಯಲು ಶಾಫ್ಟನ್ನು ವೈಸಿನಲ್ಲಿ ಮರದ ತುಂಡಿನ ನಡುವೆ ಹಿಡಿದು, ಒಳ ರೇಸಿನ ಅಂಚಿಗೆ ಹಿತ್ತಾಳೆ ಸರಳಿಟ್ಟು ಹೊಡೆಯಬೇಕು; ಕೇಜಿಗಾಗಲಿ ಗುಂಡಿಗಾಗಲಿ ಏಟು ಬೀಳಬಾರದು. ತೆಗೆದ ಜಾಯಿಂಟಿನ ಗ್ರೀಸ್ ಒರೆಸಿ ನೋಡಿ. ಗುಂಡು ಓಡುವ ಕಾಲುವೆಯಲ್ಲಿ ಹೊಳೆಯುವ ಪಟ್ಟಿ ಇರುವುದು ಸಹಜ. ಉಗುರಿಗೆ ಮೆಟ್ಟಿಲು ಸಿಕ್ಕರೆ, ಸಿಬ್ಬು ಎದ್ದಂಥ ಗುಳಿಗಳಿದ್ದರೆ, ನೀಲಿ ಬಣ್ಣ ತಿರುಗಿದ್ದರೆ, ಕೇಜಿನ ಕಿಟಕಿಯ ಮೂಲೆಯಲ್ಲಿ ಕೂದಲೆಳೆಯ ಬಿರುಕಿದ್ದರೆ ಅದು ಮುಗಿಯಿತು. ಇದೇ ಹೊತ್ತಿಗೆ ಒಳಗಿನ ಟ್ರೈಪಾಡನ್ನೂ ನೋಡಿ. ರೋಲರ್ ಬೆರಳಿಂದ ತಿರುಗಿಸಿದರೆ ನುಣ್ಣಗೆ ತಿರುಗಬೇಕು, ಕಪ್ಪಿನ ಗೋಡೆಯಲ್ಲಿ ಗುಂಡಿ ಬಿದ್ದಿರಬಾರದು. ಟ್ರೈಪಾಡ್ ಕಳಚುವುದಾದರೆ ಶಾಫ್ಟ್, ಟ್ರೈಪಾಡ್, ಕಪ್ ಮೂರರ ಮೇಲೂ ಬಣ್ಣದ ಗುರುತು ಹಾಕಿ, ಅದೇ ಹಲ್ಲಿಗೆ ಮರಳಿ ಕೂರಿಸಬೇಕು. ಪಂಚ್ ಹೊಡೆದು ಗುರುತು ಮಾಡಬಾರದು, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಬಹುದು. ಬೂಟನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆದರೆ ರಬ್ಬರ್ ಉಬ್ಬುತ್ತದೆ.

ಗ್ರೀಸಿನ ವಿಷಯದಲ್ಲಿ ರಾಜಿ ಬೇಡ. ಹೊರ ಜಾಯಿಂಟಿಗೆ ಬೇಕಾಗಿರುವುದು ಮಾಲಿಬ್ಡಿನಂ ಡೈಸಲ್ಫೈಡ್ ಬೆರೆತ, ಕಪ್ಪು ಬಣ್ಣದ ಸಿ.ವಿ. ಜಾಯಿಂಟ್ ಗ್ರೀಸ್. ಗ್ಯಾರೇಜಿನ ಡಬ್ಬದಲ್ಲಿರುವ ಎಪಿ-3, ಚಾಸಿ ಗ್ರೀಸ್ ಈ ಒತ್ತಡಕ್ಕಲ್ಲ. ಕಿಟ್ಟಿನ ಜೊತೆ ಬರುವ ಪೊಟ್ಟಣದಲ್ಲಿ ಸಾಮಾನ್ಯವಾಗಿ ಒಂದು ಜಾಯಿಂಟಿಗೆ ಬೇಕಾದಷ್ಟೇ ಇರುತ್ತದೆ; ಸಣ್ಣ ಕಾರಿಗೆ 60ರಿಂದ 120 ಗ್ರಾಂ ನಡುವೆ. ಅರ್ಧದಷ್ಟನ್ನು ಗುಂಡುಗಳ ಸಂದಿಗೆ ಒತ್ತಿ ತುಂಬಿ, ಉಳಿದದ್ದನ್ನು ಬೂಟಿನೊಳಗೆ ಹಾಕಬೇಕು. ಜಾಸ್ತಿ ತುಂಬಿದರೆ ಬಿಸಿಗೆ ಬೂಟ್ ಊದಿ ಕ್ಲಿಪ್ಪಿನ ಕೆಳಗಿಂದ ಒಸರುತ್ತದೆ. ಒಳ ಜಾಯಿಂಟಿನ ಗ್ರೀಸ್ ಬೇರೆ ಬಗೆಯದಾಗಿರಬಹುದು, ಎರಡು ಪೊಟ್ಟಣ ಬಂದಿದ್ದರೆ ಯಾವುದು ಯಾವುದಕ್ಕೆ ಎಂದು ಓದಿ ಹಾಕಿಸಿ.

ಕ್ಲಿಪ್ ಹಾಕುವ ಮೊದಲು ಬೂಟಿನ ಸಣ್ಣ ತುದಿಯಡಿ ಮೊಂಡು ಸ್ಕ್ರೂಡ್ರೈವರ್ ತೂರಿಸಿ ಗಾಳಿ ಬಿಡಬೇಕು. ಒಳ ಜಾಯಿಂಟಾದರೆ ಅದನ್ನು ಕೈಪಿಡಿ ಹೇಳಿದ ಉದ್ದಕ್ಕೆ ಇಟ್ಟು ಗಾಳಿ ಬಿಡಬೇಕು. ಇದನ್ನು ಮಾಡದಿದ್ದರೆ ಬೂಟ್ ಒಳಕ್ಕೆ ಹೀರಿಕೊಂಡು ಮಡಿಕೆಗಳು ಒಂದಕ್ಕೊಂದು ಉಜ್ಜಿ ಕೆಲವು ತಿಂಗಳಲ್ಲೇ ಸೀಳುತ್ತವೆ. ಕ್ಲಿಪ್ ಕಿಟ್ಟಿನ ಉಕ್ಕಿನದೇ ಇರಲಿ, ಅದರ ಕಿವಿಯನ್ನು ಅದಕ್ಕೆಂದೇ ಇರುವ ಪಕ್ಕಡದಿಂದ ಒತ್ತಲಿ. ಪ್ಲಾಸ್ಟಿಕ್ ಟೈ, ನೀರಿನ ಪೈಪಿನ ಸ್ಕ್ರೂ ಕ್ಲಿಪ್ ಹಾಕಿ ಕಳಿಸುವುದನ್ನು ಒಪ್ಪಬೇಡಿ. ಮೊದಲನೆಯದು ಸಡಿಲುತ್ತದೆ, ಎರಡನೆಯದರ ತಲೆ ತಿರುಗುವಾಗ ಅಕ್ಕಪಕ್ಕದ ಭಾಗಕ್ಕೆ ಬಡಿಯಬಹುದು. ಶಾಫ್ಟ್ ಬಿಚ್ಚದೆ ಅಂಟಿಸಿ ಹಾಕುವ ಸೀಳು ಬೂಟ್ ದಾರಿ ನಡುವೆ ಸಿಕ್ಕಿಬಿದ್ದಾಗಿನ ಆಸರೆ ಅಷ್ಟೇ, ಮಲೆನಾಡಿನ ಮಳೆಗೆ ಅದು ನಿಲ್ಲುವುದಿಲ್ಲ.

ಮರಳಿ ಕೂರಿಸುವಾಗ ಒಳತುದಿಯ ಲಾಕ್ ಹೊಸದು ಹಾಕಲಿ. ಶಾಫ್ಟ್ ಒಳಗೆ ಹೋದಾಗ ಟಕ್ ಎಂದು ಕೂರಬೇಕು; ಆಮೇಲೆ ಕಪ್ಪನ್ನು ಹಿಡಿದು ಎಳೆದು ನೋಡಿದರೆ ಬರಬಾರದು. ಹಬ್ ನಟ್ ಕೂಡ ಹೊಸದೇ ಬೇಕು. ಅಂತಿಮ ಬಿಗಿತ ಚಕ್ರ ನೆಲದ ಮೇಲಿರುವಾಗ ಟಾರ್ಕ್ ರೆಂಚಿನಿಂದ. ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 175ರಿಂದ 250 ನ್ಯೂಟನ್ ಮೀಟರ್ ಒಳಗೆ, ನಿಮ್ಮ ಮಾಡೆಲಿನ ಅಂಕಿಯನ್ನು ಕೈಪಿಡಿಯಲ್ಲೇ ನೋಡಬೇಕು. ಒಂದು ಮೀಟರ್ ಉದ್ದದ ಪೈಪಿನ ತುದಿಗೆ 20 ಕೆ.ಜಿ. ಭಾರ ಬಿದ್ದರೆ ಸುಮಾರು 196 ನ್ಯೂಟನ್ ಮೀಟರ್ ಆಗುತ್ತದೆ. ಇಬ್ಬರು ಪೈಪಿನ ಮೇಲೆ ಹತ್ತಿ ಬಿಗಿದರೆ ಎಷ್ಟು ಮಿತಿಮೀರುತ್ತದೆ ಎಂದು ಇದರಿಂದಲೇ ಊಹಿಸಿ. ಗಾಳಿ ಗನ್ನಿನಿಂದ ಅಂತಿಮ ಬಿಗಿತ ಕೊಟ್ಟು ಬೇರಿಂಗ್ ಕೆಡಿಸುವುದು ತೀರಾ ಸಾಮಾನ್ಯ. ಕೊನೆಗೆ ನಟ್ಟಿನ ಅಂಚನ್ನು ಕಾಲುವೆಗೆ ಬಡಿಯುವುದನ್ನು ಮರೆಯಬಾರದು. ಎಣ್ಣೆ ಕೈಪಿಡಿ ಹೇಳಿದ ದರ್ಜೆಯದೇ ಇರಲಿ. ಜಿಎಲ್-4 ಕೇಳುವ ಗೇರ್ ಬಾಕ್ಸಿಗೆ ಜಿಎಲ್-5 ಹಾಕಿದರೆ ಅದರ ಗಂಧಕದ ಅಂಶ ಗೇರ್ ಬದಲಿಸುವಾಗ ಹಲ್ಲುಗಳ ವೇಗ ಹೊಂದಿಸುವ ಹಿತ್ತಾಳೆ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು. ಸ್ಟ್ರಟ್ಟಿನ ಎರಡು ಬೋಲ್ಟ್ ಬಿಚ್ಚಿದ್ದರೆ ಅಲೈನ್‌ಮೆಂಟ್ ಮಾಡಿಸಬೇಕು. ಸುಮಾರು 500 ಕಿ.ಮೀ. ಓಡಿದ ಮೇಲೆ ಬೂಟಿನ ಎರಡೂ ಕ್ಲಿಪ್, ಗೇರ್ ಬಾಕ್ಸ್ ಸೀಲ್ ಒಮ್ಮೆ ನೋಡಿ.

ಮುಂದಕ್ಕೆ: ಪ್ರತಿ ಎಂಜಿನ್ ಆಯಿಲ್ ಬದಲಾವಣೆಗೆ, ಹಾಗೆಯೇ ಮಳೆಗಾಲ ಶುರುವಾಗುವ ಮೊದಲು ಮತ್ತು ಮುಗಿದ ಮೇಲೆ ನಾಲ್ಕೂ ಬೂಟುಗಳನ್ನು ನೋಡಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಹೊರ ಬೂಟಿನ ಮಡಿಕೆ ಬಿಚ್ಚಿಕೊಂಡು ತಳ ಕಾಣುತ್ತದೆ. ಟಾರ್ಚ್ ಹಿಡಿದು ಮಡಿಕೆಯ ಕಣಿವೆಯಲ್ಲಿ ಬಿಳಿಗೀರು ಹುಡುಕಿ, ಸೀಳು ಹುಟ್ಟುವುದು ಅಲ್ಲೇ. ತೋಟದ ದಾರಿಯ ಕಡ್ಡಿ, ಒಣಗಿ ಕಲ್ಲಾದ ಕೆಸರು, ಇಲಿಯ ಹಲ್ಲು ಇವೇ ಸಾಮಾನ್ಯ ಶತ್ರುಗಳು. ವಾಟರ್ ಸರ್ವೀಸ್ ಮಾಡಿಸುವಾಗ ಬೂಟಿನ ತುಟಿಗೆ ಹತ್ತಿರದಿಂದ ನೀರು ಹೊಡೆಯಬೇಡಿ ಎಂದು ಹೇಳಿ. ಗುಂಡಿ ರಸ್ತೆಗೆಂದು ಸ್ಪ್ರಿಂಗಿಗೆ ಪ್ಯಾಕಿಂಗ್ ಕೊಟ್ಟು ಕಾರನ್ನು ಎತ್ತರಿಸುವ ರೂಢಿ ನಿಮ್ಮ ಕಡೆ ಇದೆ. ಅದರಿಂದ ಶಾಫ್ಟ್ ಸದಾ ಬಾಗಿಯೇ ತಿರುಗಬೇಕಾಗುತ್ತದೆ. ಬೂಟೂ ಒಳ ಟ್ರೈಪಾಡೂ ಬೇಗ ಸವೆಯುತ್ತವೆ. ನಿಮ್ಮ ಕಾರಿಗೂ ಹಾಗೆ ಮಾಡಿಸಿದ್ದರೆ ತೆಗೆಸಿಬಿಡಿ.

ಪಿಕಪ್ಪಿನ ಹಿಂದಿನ ಆಕ್ಸೆಲ್

ಮೊದಲು ಸೋರುತ್ತಿರುವುದು ಏನೆಂದು ನೋಡಿ. ಬೆರಳಿಗೆ ದಪ್ಪಗೆ ಅಂಟಿ ಗಂಧಕದ ವಾಸನೆ ಬಂದರೆ, ನೀರಿಗೆ ಒಂದು ಹನಿ ಹಾಕಿದಾಗ ತೇಲಿದರೆ ಡಿಫರೆನ್ಷಿಯಲ್ ಎಣ್ಣೆ. ತೆಳ್ಳಗಿದ್ದು ನೀರಲ್ಲಿ ಕರಗಿದರೆ ಬ್ರೇಕ್ ಆಯಿಲ್, ಅಂದರೆ ವೀಲ್ ಸಿಲಿಂಡರ್ ಸೋರುತ್ತಿದೆ; ಆಗ ಸೀಲ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ.

ಡಿಫರೆನ್ಷಿಯಲ್ ಎಣ್ಣೆಯೇ ಆಗಿದ್ದರೆ, ಎರಡು ಸೀಲ್ ಹೋದ ಮೇಲೆ ಮೂರನೆಯದನ್ನು ಕೊಳ್ಳುವ ಮುನ್ನ ಬ್ರೀದರ್ ನೋಡಿ. ಆಕ್ಸೆಲ್ ಹೌಸಿಂಗಿನ ಮೇಲ್ಭಾಗದಲ್ಲಿ ಸಣ್ಣ ಟೊಪ್ಪಿಗೆಯಂಥದ್ದೋ ರಬ್ಬರ್ ಪೈಪೋ ಇರುತ್ತದೆ. ಗಾಡಿ ಓಡಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಅದು ಹೊರಹೋಗುವ ದಾರಿ ಇದೊಂದೇ. ತೋಟದ ಕೆಸರಿಗೆ ಇದು ಮುಚ್ಚಿಕೊಂಡರೆ ಒತ್ತಡ ಏರಿ ಎಣ್ಣೆ ಸೀಲಿನ ತುಟಿ ದಾಟಿ ಡ್ರಮ್ಮಿಗೆ ಬರುತ್ತದೆ. ಓಡಿ ಬಂದ ಬಿಸಿಯಲ್ಲಿ, ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಣ್ಣೆ ತುಂಬುವ ಪ್ಲಗ್ಗನ್ನು ನಿಧಾನಕ್ಕೆ ಸಡಿಲಿಸಿ. ಬುಸ್ ಎಂದು ಗಾಳಿ ಹೊರಟರೆ ಕಾರಣ ಸಿಕ್ಕಿತು. ಎಣ್ಣೆಯ ಮಟ್ಟ ಪ್ಲಗ್ ತೂತಿನ ಕೆಳ ಅಂಚಿಗೆ ಇರಬೇಕು. ಅದಕ್ಕಿಂತ ಜಾಸ್ತಿ ತುಂಬಿದ್ದರೂ ಸೋರುತ್ತದೆ.

ಬ್ರೀದರ್ ಸರಿಯಿದ್ದರೆ ಶಾಫ್ಟ್ ಹೊರತೆಗೆದು ಸೀಲ್ ಓಡುವ ಜಾಗವನ್ನು ಉಗುರಿನಿಂದ ಸವರಿ. ಗೀರು ಬಳೆಯಂತೆ ಸುತ್ತಲೂ ಬಿದ್ದಿದ್ದರೆ ಹೊಸ ಸೀಲ್ ಹಿಡಿಯುವುದಿಲ್ಲ. ಅದರ ಮೇಲೆ ಕೂರಿಸುವ ತೆಳು ಉಕ್ಕಿನ ಸ್ಲೀವ್ (ಬಳೆಯಂಥ ಕೊಳವೆ) ಸಿಗುತ್ತದೆ. ಸಿಗದಿದ್ದರೆ, ಜಾಗವಿದ್ದಲ್ಲಿ ಸೀಲನ್ನು ಎರಡು ಮೂರು ಮಿ.ಮೀ. ಆಚೀಚೆ ಕೂರಿಸಿ ಹೊಸ ಜಾಗಕ್ಕೆ ತುಟಿ ತಾಗುವಂತೆ ಮಾಡಬಹುದು. ಶಾಫ್ಟ್ ಮರಳಿ ತೂರಿಸುವಾಗ ಸ್ಪ್ಲೈನ್ ಹಲ್ಲು ಸೀಲಿನ ತುಟಿ ಕೊಯ್ದಿರುವ ಸಾಧ್ಯತೆಯೂ ಇದೆ. ಭಾರವನ್ನು ಸೀಲಿಗೆ ಬಿಡದೆ, ಶಾಫ್ಟನ್ನು ಇಬ್ಬರು ಎತ್ತಿ ಹಿಡಿದು ತೂರಿಸಬೇಕು. ಬೇರಿಂಗ್ ಸವೆದು ಶಾಫ್ಟ್ ಅಲುಗುತ್ತಿದ್ದರೂ ಸೀಲ್ ನಿಲ್ಲದು: ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ.

ನಿಮ್ಮದು ಸೆಮಿ ಫ್ಲೋಟಿಂಗೋ ಫುಲ್ ಫ್ಲೋಟಿಂಗೋ ಎಂದೂ ತಿಳಿದಿರಬೇಕು. ಹಬ್ಬಿನ ನಡುವೆ ದುಂಡು ಫ್ಲಾಂಜ್, ಅದರ ಸುತ್ತ ಬೋಲ್ಟ್‌ಗಳ ಸಾಲು ಕಂಡರೆ ಲಾರಿಗಳಲ್ಲಿರುವಂತೆ ಫುಲ್ ಫ್ಲೋಟಿಂಗ್. ಅದರಲ್ಲಿ ಭಾರ ಹೊರುವುದು ಹೌಸಿಂಗ್. ಶಾಫ್ಟ್ ತಿರುಗಿಸುವುದು ಮಾತ್ರ, ಚಕ್ರ ಬಿಚ್ಚದೆಯೇ ಎಳೆದು ತೆಗೆಯಬಹುದು. ಸೆಮಿ ಫ್ಲೋಟಿಂಗಿನಲ್ಲಿ ಶಾಫ್ಟೇ ಭಾರವನ್ನೂ ಹೊರುತ್ತದೆ; ಅದು ಮುರಿದರೆ, ಅಥವಾ ಬೇರಿಂಗ್ ಹಿಡಿಯುವ ಕಾಲರ್ ಜಾರಿದರೆ, ಚಕ್ರ ಶಾಫ್ಟಿನ ಸಮೇತ ಹೊರಬರುತ್ತದೆ. ಆದ್ದರಿಂದ ಬೇರಿಂಗ್ ಬದಲಿಸುವಾಗ ಕಾಲರ್ ಹೊಸದೇ ಇರಬೇಕು, ಸುತ್ತಿಗೆಯಿಂದಲ್ಲ, ಪ್ರೆಸ್ಸಿನಿಂದ ಕೂರಿಸಬೇಕು. ಹಳೆಯ ಕಾಲರನ್ನು ಡ್ರಿಲ್ಲಿನಿಂದ ಮುಕ್ಕಾಲು ಆಳ ಕೊರೆದು ಉಳಿಯಿಂದ ಸೀಳುವುದು ಸರಿಯಾದ ದಾರಿ. ಗ್ಯಾಸ್ ಕಟರ್ ಹಚ್ಚಿದರೆ ಶಾಫ್ಟಿನ ಗಟ್ಟಿತನ ಆ ಜಾಗದಲ್ಲಿ ಹೋಗುತ್ತದೆ.

ವೆಲ್ಡಿಂಗ್ ಬಗ್ಗೆ ನನ್ನದು ಒಂದೇ ಮಾತು: ಮುರಿದ ಅಥವಾ ಬಿರುಕು ಬಿಟ್ಟ ಆಕ್ಸೆಲ್ ಶಾಫ್ಟಿಗೆ ವೆಲ್ಡ್ ಹಾಕಿಸಬೇಡಿ, ಬಾಗಿದ್ದನ್ನು ಕಾಯಿಸಿ ನೇರ ಮಾಡಿಸಬೇಡಿ. ಈ ಶಾಫ್ಟಿನ ಬಲವಿರುವುದು ಶಾಖ ಸಂಸ್ಕಾರದಿಂದ ಬಂದ ಮೇಲಿನ ಗಟ್ಟಿ ಪದರದಲ್ಲಿ. ವೆಲ್ಡಿನ ಬಿಸಿ ತಾಗಿದಲ್ಲಿ ಒಂದು ಕಡೆ ಮೆತ್ತಗಾಗಿ, ಪಕ್ಕದಲ್ಲೇ ಗಾಜಿನಂತೆ ಪೆಡಸಾಗುತ್ತದೆ. ಲೇಥಿನಲ್ಲಿ ಎಷ್ಟು ಚೆಂದ ಮಾಡಿಕೊಟ್ಟರೂ ಅದು ಅಡಿಕೆ ಮೂಟೆ ಹೊತ್ತು ಏರು ಹತ್ತುವಾಗಲೇ ಮುರಿಯುತ್ತದೆ, ಹಿಂದೆ ಜನ ಕೂತಿರುತ್ತಾರೆ. ಶಾಫ್ಟ್ ಹೊರಗಿದ್ದಾಗ ಸ್ಪ್ಲೈನ್ ಹಲ್ಲುಗಳ ಉದ್ದಕ್ಕೂ ಕಣ್ಣು ಹಾಯಿಸಿ. ಹಲ್ಲುಗಳು ನೇರವಾಗಿಲ್ಲದೆ ಹಗ್ಗದಂತೆ ತಿರುಚಿಕೊಂಡಿದ್ದರೆ ಮಿತಿಮೀರಿದ ಭಾರಕ್ಕೆ ಅದು ಆಗಲೇ ಸೋತಿದೆ, ಬದಲಿಸಿ.

ಎಣ್ಣೆ ಕುಡಿದ ಬ್ರೇಕ್ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು ಮತ್ತೆ ಹಾಕುವುದೂ ಬೇಡ. ಬಿಸಿಯಾದಾಗ ಒಳಗಿಂದ ಎಣ್ಣೆ ಮತ್ತೆ ಮೇಲೆ ಬಂದು ಒಂದು ಚಕ್ರ ಹಿಡಿಯದೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಸೋರಿಕೆ ನಿಂತಿದೆ ಎಂದು ಖಚಿತವಾದ ಮೇಲೆ ಹಿಂದಿನ ಎರಡೂ ಕಡೆಯ ಲೈನರ್ ಹೊಸದು ಹಾಕಿಸಿ, ಡ್ರಮ್ಮನ್ನು ಬ್ರೇಕ್ ಕ್ಲೀನರಿನಿಂದ ತೊಳೆಸಿ. ಸೋರಿಕೆ ನಿಲ್ಲುವವರೆಗೆ ಪಿಕಪ್ಪಿಗೆ ಲೋಡ್ ಹಾಕಿ ಇಳಿಜಾರಿಗೆ ಕಳಿಸಬೇಡಿ.